ಕಂಪನ ಪ್ರಮಾಣಪತ್ರವಿಲ್ಲದೆ ಬಂದ ಅಲೆ

ಸುನಾಮಿ ಬರುವುದಕ್ಕೂ ಒಂದು ಕ್ರಮವಿದೆ. ಮೊದಲು ಕಡಲ ತಳದ ಭೂಮಿ ನಡುಗಬೇಕು. ಆ ನಡುಕ ಬಡಪಾಯಿ ನಡುಕವಾಗಿರಬಾರದು, ಮಾಪನದಲ್ಲಿ 7ರ ಆಸುಪಾಸಿಗಾದರೂ ಮುಟ್ಟಬೇಕು. ಅದರ ಕೇಂದ್ರ ಊರಿನ ಕೆಳಗಲ್ಲ, ನೀರಿನ ಕೆಳಗಿರಬೇಕು. ತೀರಾ ಆಳದಲ್ಲೂ ಇರಬಾರದು. ಇಷ್ಟೆಲ್ಲ ದಾಖಲೆಗಳನ್ನು ಲಗತ್ತಿಸಿಕೊಂಡು ಅಲೆ ಹೊರಟರೆ ಇಂಡೊನೇಷ್ಯಾದ ಹವಾಮಾನ ಮತ್ತು ಭೂಭೌತ ಸಂಸ್ಥೆ ಬಿಎಂಕೆಜಿ ಅದನ್ನು ಸ್ವೀಕರಿಸಿ, ಪರಿಶೀಲಿಸಿ, ಐದೇ ನಿಮಿಷದಲ್ಲಿ ದೇಶಕ್ಕೆಲ್ಲ ಎಚ್ಚರಿಕೆ ಹೊರಡಿಸುತ್ತದೆ. ಐದು ನಿಮಿಷ! ನಮ್ಮ ಕಚೇರಿಗಳಲ್ಲಿ ಅಷ್ಟು ಹೊತ್ತಿನಲ್ಲಿ ಟೋಕನ್ ಕೂಡ ಸಿಗುವುದಿಲ್ಲ. 2004ರ ಮಹಾ ಸುನಾಮಿಯ ನಂತರ ಜರ್ಮನಿಯ ನೆರವಿನಿಂದ ಕಟ್ಟಿ 2008ರಲ್ಲಿ ಉದ್ಘಾಟಿಸಿದ ವ್ಯವಸ್ಥೆ ಅದು. ನಿಜಕ್ಕೂ ಮೆಚ್ಚಬೇಕಾದದ್ದೇ. ಒಂದು ಸಣ್ಣ ಲೋಪ ಉಳಿದುಹೋಗಿತ್ತು: ನಿಯಮಾವಳಿಯ ಒಂದು ಪ್ರತಿಯನ್ನು ಕಡಲಿಗೆ ಕಳಿಸಿರಲಿಲ್ಲ.

2018ರ ಡಿಸೆಂಬರ್ 22, ಶನಿವಾರ. ರಾತ್ರಿ ಒಂಬತ್ತಕ್ಕೆ ಇನ್ನೇನು ಐದು ನಿಮಿಷವಿದೆ ಎನ್ನುವಾಗ, ಜಾವಾ ಮತ್ತು ಸುಮಾತ್ರಾ ನಡುವಿನ ಸುಂದಾ ಜಲಸಂಧಿಯಲ್ಲಿ ಅನಕ್ ಕ್ರಕಟೋವ ಎಂಬ ಜ್ವಾಲಾಮುಖಿಯ ನೈಋತ್ಯದ ಮಗ್ಗುಲು ಕಳಚಿಕೊಂಡು ನೀರಿಗೆ ಜಾರಿತು. ಕೆಲವೇ ದಿನಗಳಲ್ಲಿ 338 ಮೀಟರ್ ಎತ್ತರದ ಬೆಟ್ಟ 110 ಮೀಟರಿಗೆ ಇಳಿದುಬಿಟ್ಟಿತು ಎಂದರೆ ಜಾರಿದ್ದೆಷ್ಟು ಎಂದು ಊಹಿಸಿಕೊಳ್ಳಿ. ಆದರೆ ಆ ಜಾರುವಿಕೆಯಿಂದ ಹುಟ್ಟಿದ ಕಂಪನ? ಬರೇ 3.4. ಇಂಡೊನೇಷ್ಯಾದಲ್ಲಿ 3.4ರ ಕಂಪನಕ್ಕೆ ಮಲಗಿದ ಬೆಕ್ಕೂ ಮಗ್ಗುಲು ಬದಲಿಸುವುದಿಲ್ಲ. ಏಳು ಬೇಕಾದ ಕಡೆ ಮೂರೂವರೆಯೂ ಇಲ್ಲದ ಅರ್ಜಿಯನ್ನು ಯಾವ ಯಂತ್ರ ತಾನೇ ಮೇಲಕ್ಕೆ ಕಳಿಸೀತು? ಯಂತ್ರಗಳು ಮೌನವಾಗಿದ್ದವು. ಅಲೆ ಮಾತ್ರ ಪ್ರಮಾಣಪತ್ರಕ್ಕೆ ಕಾಯದೆ ಹೊರಟೇಬಿಟ್ಟಿತು.

ದಡ ಮುಟ್ಟಲು ಅದಕ್ಕೆ ಅರ್ಧ ಗಂಟೆ ಬೇಕಾಯಿತು. ಜಾವಾ ತೀರದ ಸೆರಾಂಗ್ ಬಳಿಯ ಅಳತೆ ಯಂತ್ರದಲ್ಲಿ ನೀರು 90 ಸೆಂಟಿಮೀಟರ್ ಏರಿದ್ದು 9 ಗಂಟೆ 27 ನಿಮಿಷಕ್ಕೆ. ಬೇರೆ ಕಡೆಗಳಲ್ಲಿ ಅದರ ಹಲವು ಪಟ್ಟು ಎತ್ತರಕ್ಕೆ ನುಗ್ಗಿತು. ಅರ್ಧ ಗಂಟೆಯೆಂದರೆ ಕಡಿಮೆ ಹೊತ್ತೇನಲ್ಲ. ಒಬ್ಬ ಅಜ್ಜಿಯೂ ಕೋಲೂರಿಕೊಂಡು ಗುಡ್ಡ ಹತ್ತಬಹುದಾದಷ್ಟು ಹೊತ್ತು. ಆ ಹೊತ್ತಿನಲ್ಲಿ ತಂಜುಂಗ್ ಲೆಸುಂಗ್ ಕಡಲ ತೀರದಲ್ಲಿ ಸರ್ಕಾರಿ ವಿದ್ಯುತ್ ಕಂಪನಿಯ ನೌಕರರು ಮನೆಮಂದಿಯೊಂದಿಗೆ ವರ್ಷಾಂತ್ಯದ ಸಮಾರಂಭದಲ್ಲಿದ್ದರು. ಸೆವೆಂಟೀನ್ ಎಂಬ ಜನಪ್ರಿಯ ತಂಡ ವೇದಿಕೆಯ ಮೇಲೆ ಹಾಡುತ್ತಿತ್ತು, ಬೆನ್ನು ಕಡಲಿನ ಕಡೆಗೆ. ವೇದಿಕೆ ಮುಂದಕ್ಕೆ ಮಗುಚಿಕೊಂಡ ಆ ಕೆಲವು ಕ್ಷಣಗಳ ದೃಶ್ಯವನ್ನು ಜಗತ್ತೆಲ್ಲ ನೋಡಿತು. ಅಂದು ಸುಂದಾದ ಎರಡೂ ದಡಗಳಲ್ಲಿ ಸತ್ತವರು 430ರ ಆಸುಪಾಸು. ಗಾಯಗೊಂಡವರು ಸಾವಿರಾರು.

ಇನ್ನು ಎಚ್ಚರಿಕೆಯ ಕಥೆಗೆ ಬರೋಣ. ಎಚ್ಚರಿಕೆ ಬರಲಿಲ್ಲ ಎಂದರೆ ಅರ್ಧ ಸತ್ಯ. ಬಂದದ್ದು ಎಚ್ಚರಿಕೆಯ ನಿರಾಕರಣೆ. ಇದು ಸುನಾಮಿಯಲ್ಲ, ಹುಣ್ಣಿಮೆಯ ಉಬ್ಬರ, ಜನ ಗಾಬರಿಯಾಗಬಾರದು ಎಂದು ಆ ರಾತ್ರಿ ಬಿಎಂಕೆಜಿ ಅಧಿಕೃತವಾಗಿ ತಿಳಿಸಿತು. ಹಾಗೆ ಹೇಳಿದವರನ್ನು ಗೇಲಿ ಮಾಡುವುದು ಸುಲಭ. ಆದರೆ ಅವರ ಮೇಜಿನ ಮೇಲೆ ಏನಿತ್ತು ನೋಡಿ. ಆಕಾಶದಲ್ಲಿ ಹುಣ್ಣಿಮೆ ಚಂದ್ರ. ಅಂದೇ ಬೆಳಗ್ಗೆ ಅವರೇ ಹೊರಡಿಸಿದ್ದ ದೊಡ್ಡ ಅಲೆಗಳ ಮುನ್ಸೂಚನೆ, ಅದು 25ರವರೆಗೆ ಜಾರಿಯಲ್ಲಿತ್ತು. ಭೂಕಂಪ ಇಲ್ಲ. ಭೂಕಂಪವಿಲ್ಲದಿದ್ದರೆ ಸುನಾಮಿಯಿಲ್ಲ, ಸುನಾಮಿಯಿಲ್ಲದಿದ್ದರೆ ಉಬ್ಬರ. ತರ್ಕಶಾಸ್ತ್ರದ ಪರೀಕ್ಷೆಯಲ್ಲಿ ಇದಕ್ಕೆ ನೂರಕ್ಕೆ ನೂರು ಅಂಕ. ಮಧ್ಯರಾತ್ರಿ ಕಳೆದ ಮೇಲೆ, ಹೆಣಗಳ ಲೆಕ್ಕ ಶುರುವಾದ ಮೇಲೆ, ಅದು ಸುನಾಮಿಯೇ ಎಂದು ತಿದ್ದುಪಡಿಯಾಯಿತು. ಮೃತರ ಪಾಲಿಗೆ ಅದು ಪೂರ್ವಾನ್ವಯವಾಗಿ ಜಾರಿಗೆ ಬಂದ ಆದೇಶ.

ಉಬ್ಬರ ಎಂದು ಮೊದಲು ಬರೆದವರಲ್ಲಿ ವಿಪತ್ತು ನಿರ್ವಹಣಾ ಸಂಸ್ಥೆಯ ವಕ್ತಾರ ಸುತೊಪೊ ಪುರ್ವೊ ನುಗ್ರೊಹೊ ಒಬ್ಬರು. ತಪ್ಪು ಗೊತ್ತಾದೊಡನೆ ಬಹಿರಂಗವಾಗಿ ಕ್ಷಮೆ ಕೇಳಿದರು. ಶ್ವಾಸಕೋಶದ ಕ್ಯಾನ್ಸರ್ ಮೈಯನ್ನು ತಿನ್ನುತ್ತಿರುವಾಗಲೂ ದಿನಕ್ಕೆ ಹತ್ತಾರು ಸಲ ಪತ್ರಕರ್ತರಿಗೆ ಉತ್ತರ ಕೊಡುತ್ತಿದ್ದ ಮನುಷ್ಯ, 2019ರ ಜುಲೈನಲ್ಲಿ ತೀರಿಕೊಂಡರು. ವ್ಯಂಗ್ಯ ಬರಹಗಾರನಿಗೆ ಇಂಥವರಿಂದ ದೊಡ್ಡ ತೊಂದರೆ. ಕ್ಷಮೆ ಕೇಳಿದವನನ್ನು ಏನೆಂದು ಹಾಸ್ಯ ಮಾಡುವುದು? ದೇಶದ ಕಡಲಲ್ಲಿ ತೇಲಬೇಕಾದ ಸುನಾಮಿ ಬುರುಡೆಗಳು, ಅಂದರೆ ಅಲೆಯನ್ನು ನಡುಗಡಲಲ್ಲೇ ಹಿಡಿದು ಹೇಳುವ ತೇಲು ಯಂತ್ರಗಳು, 2012ರಿಂದ ಕೆಲಸ ಮಾಡುತ್ತಿಲ್ಲ, ಒಂದಷ್ಟನ್ನು ಜನ ಹಾಳುಗೆಡವಿದರು, ಉಳಿದವುಗಳಿಗೆ ಹಣವಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದೂ ಇವರೇ. ಆ ಹಣ ಕೊಡಬೇಕಾಗಿದ್ದವರು ಯಾರೂ ಕ್ಷಮೆ ಕೇಳಿದಂತೆ ಕಾಣೆ. ಕ್ಷಮೆ ಕೇಳುವುದು ಬಹುಶಃ ವಕ್ತಾರರ ಹುದ್ದೆಯ ಕರ್ತವ್ಯಗಳ ಪಟ್ಟಿಯಲ್ಲಿ ಮಾತ್ರ ಸೇರಿದೆ.

ಈಗ ಮುಖ್ಯ ವಿಷಯ. ಆ ಬೆಟ್ಟ ಯಾರದು?

ಇಂಡೊನೇಷ್ಯಾದಲ್ಲಿ ಜ್ವಾಲಾಮುಖಿಗಳನ್ನು ನೋಡಿಕೊಳ್ಳುವ ಕಚೇರಿ ಬಾಂಡುಂಗ್ ನಗರದಲ್ಲಿದೆ. ಅದು ಇಂಧನ ಮತ್ತು ಖನಿಜ ಸಚಿವಾಲಯದ ಅಡಿಯಲ್ಲಿ ಬರುತ್ತದೆ. ಸುನಾಮಿಯನ್ನು ನೋಡಿಕೊಳ್ಳುವ ಬಿಎಂಕೆಜಿ ಜಕಾರ್ತದಲ್ಲಿದೆ. ಬೆಟ್ಟ ಬೆಂಕಿ ಕಾರಿದರೆ ಬಾಂಡುಂಗ್, ಕಡಲು ಉಕ್ಕಿದರೆ ಜಕಾರ್ತ. ಬೆಟ್ಟವೇ ಕಡಲಿಗೆ ಬಿದ್ದರೆ? ಅದಕ್ಕೆ ಶಾಖೆಯಿರಲಿಲ್ಲ. ಬೆಟ್ಟದ ಯಂತ್ರಗಳ ದಾಖಲೆ ನೇರವಾಗಿ ಸುನಾಮಿಯ ಮೇಜಿಗೆ ಬರುವ ವ್ಯವಸ್ಥೆಯೂ ಇರಲಿಲ್ಲ. ಅದೇ ವರ್ಷದ ಜೂನ್ ತಿಂಗಳಿಂದ ಅನಕ್ ಕ್ರಕಟೋವ ಉಗುಳುತ್ತಲೇ ಇತ್ತು. ಬಾಂಡುಂಗಿನವರು ಅದನ್ನು ನಿಷ್ಠೆಯಿಂದ ಗಮನಿಸಿ, ಎರಡನೇ ಹಂತದ ಎಚ್ಚರಿಕೆಯಲ್ಲಿಟ್ಟು, ಬಾಯಿಯಿಂದ ಎರಡು ಕಿಲೋಮೀಟರ್ ಒಳಗೆ ಯಾರೂ ಹೋಗಬಾರದೆಂದು ಆಜ್ಞೆ ಮಾಡಿದ್ದರು. ಜನ ವಿಧೇಯರು, ಎರಡು ಕಿಲೋಮೀಟರ್ ಒಳಗೆ ಹೋಗಲಿಲ್ಲ. ಐವತ್ತು ಕಿಲೋಮೀಟರ್ ಆಚೆ ನಿಂತು ಹಾಡು ಕೇಳುತ್ತಿದ್ದರು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವು ಸುಮ್ಮನೆ ಹೇಳಿಕೊಂಡು ಬಂದಿದ್ದೇವೆ. ಜ್ವಾಲಾಮುಖಿಯ ಮಟ್ಟಿಗೆ ಅದು ಅಧಿಕೃತ ಧೋರಣೆ.

ಅಂದು ಒಂಬತ್ತು ಗಂಟೆ ಮೂರು ನಿಮಿಷಕ್ಕೆ ಬೆಟ್ಟದ ಮೇಲಿದ್ದ ಕಂಪನಮಾಪಕ ಕೆಲಸ ನಿಲ್ಲಿಸಿತು. ಒಂದು ಯಂತ್ರ ತನ್ನ ಜೀವನದ ಕೊನೆಯ, ಅತಿ ಮುಖ್ಯವಾದ ವರದಿಯನ್ನು ಹಾಗೆ ಕೊಟ್ಟಿತ್ತು. ಸತತವಾಗಿ ಉಗುಳುತ್ತಿರುವ ಜ್ವಾಲಾಮುಖಿಯ ಮೇಲಿನ ಯಂತ್ರ ತಟ್ಟನೆ ಸುಮ್ಮನಾದರೆ ಅದೇ ಸುದ್ದಿ. ಮೌನವನ್ನು ದಾಖಲು ಮಾಡಿಕೊಳ್ಳುವ ನಮೂನೆ ಮಾತ್ರ ಯಾರ ಬಳಿಯೂ ಇರಲಿಲ್ಲ.

ಯಾರಿಗೂ ಗೊತ್ತಿರಲಿಲ್ಲ, ಯಾರೂ ಊಹಿಸಿರಲಿಲ್ಲ, ಪ್ರಕೃತಿಯ ಮುಂದೆ ಮನುಷ್ಯ ಎಷ್ಟರವನು ಎಂದು ನಿಟ್ಟುಸಿರು ಬಿಡುವವರಿಗಾಗಿ ಇನ್ನೊಂದು ದಾಖಲೆ ಇಲ್ಲಿದೆ. 2012ರಲ್ಲಿ, ಎಂದರೆ ಆರು ವರ್ಷ ಮೊದಲು, ಫ್ರಾನ್ಸಿನ ಜ್ವಾಲಾಮುಖಿ ವಿಜ್ಞಾನಿ ತೋಮಾ ಜಾಕೆತಿ ಮತ್ತು ಅವರ ಜೊತೆಗಾರರು ಒಂದು ಪ್ರಬಂಧ ಪ್ರಕಟಿಸಿದರು. ಅನಕ್ ಕ್ರಕಟೋವ ನಿಂತಿರುವುದು 1883ರ ಕ್ರಕಟೋವ ಸ್ಫೋಟ ತೋಡಿದ ಗುಂಡಿಯ ಅಂಚಿನಲ್ಲಿ. ಅದರ ನೈಋತ್ಯದ ಮಗ್ಗುಲು ಜಾರಿದರೆ ಅಲೆಯೇಳುತ್ತದೆ. ಜಾವಾದ ಪಶ್ಚಿಮ ತೀರವನ್ನು ಅದು 35ರಿಂದ 45 ನಿಮಿಷಗಳಲ್ಲಿ ಮುಟ್ಟುತ್ತದೆ. ಬೆಟ್ಟ ಜಾರಿದ್ದನ್ನು ಬೇಗ ಪತ್ತೆ ಹಚ್ಚಿ ದಡದಲ್ಲಿ ಸರಿಯಾಗಿ ಎಚ್ಚರಿಸಿದರೆ ಈ ಕಾಲ್ಪನಿಕ ಘಟನೆಯಲ್ಲಿ ಸಾವು ತಪ್ಪಿಸಬಹುದು ಎಂಬುದು ಅದರ ಸಾರ. ಯಾವ ಬೆಟ್ಟ, ಯಾವ ಮಗ್ಗುಲು, ಎಷ್ಟು ನಿಮಿಷ, ಯಾವ ಊರುಗಳು, ಎಲ್ಲವೂ ಇತ್ತು. ತಾರೀಖು ಒಂದನ್ನು ಬರೆದಿರಲಿಲ್ಲ. ಬಹುಶಃ ಅದೇ ಕಾರಣಕ್ಕೆ ಕಡತ ಮುಂದೆ ಹೋಗಲಿಲ್ಲ. ಪ್ರಬಂಧ ಅಚ್ಚಾದದ್ದು ಲಂಡನ್ನಿನ ಭೂವೈಜ್ಞಾನಿಕ ಸೊಸೈಟಿಯ ಸಂಪುಟದಲ್ಲಿ. ಜಾವಾದ ಕರಿತಾ ಕಡಲ ತೀರದ ಮೀನುಗಾರರು ಆ ಸಂಪುಟವನ್ನು ತರಿಸುವ ಪದ್ಧತಿ ಇಟ್ಟುಕೊಂಡಿಲ್ಲ.

ಸುನಾಮಿಯ ಮರುದಿನ, ಡಿಸೆಂಬರ್ 23ರಂದು, ಆ ತೀರದ ಲಬುಹಾನ್ ಎಂಬಲ್ಲಿದ್ದ ಸುನಾಮಿ ಸೈರನ್ ತನ್ನಷ್ಟಕ್ಕೆ ತಾನೇ ಕೂಗಿಕೊಂಡಿತು. ಯಾರೂ ಒತ್ತಿರಲಿಲ್ಲ, ಯಾಂತ್ರಿಕ ದೋಷವಿರಬೇಕು ಎಂದು ಸಮಜಾಯಿಷಿ ಬಂತು. ಜನ ಎದ್ದುಬಿದ್ದು ಓಡಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಬಾಗಿಲು ತಾನಾಗಿಯೇ ಹಾಕಿಕೊಂಡಿತು. ಅಷ್ಟು ದೊಡ್ಡ ವ್ಯವಸ್ಥೆಯಲ್ಲಿ ನಾಚಿಕೆ ಎಂಬುದು ಆ ಸೈರನ್ನಿಗೊಂದಕ್ಕೆ ಇತ್ತೆಂದು ಕಾಣುತ್ತದೆ.

ಇಷ್ಟಕ್ಕೂ ಇದೇ ಜಲಸಂಧಿಯಲ್ಲಿ ಇದೇ ಪಾಠ ಒಮ್ಮೆ ನಡೆದಿತ್ತು. 1883ರ ಆಗಸ್ಟ್ 27ರಂದು ತಾಯಿ ಕ್ರಕಟೋವ ಸಿಡಿದಾಗ ಅಧಿಕೃತ ಲೆಕ್ಕದಂತೆ ಸತ್ತವರು 36,417. ಹೆಚ್ಚಿನವರನ್ನು ಕೊಂದದ್ದು ಬೆಂಕಿಯಲ್ಲ, ನೀರು. ಸದ್ದು ಹಿಂದೂ ಮಹಾಸಾಗರದ ರಾಡ್ರಿಗಸ್ ದ್ವೀಪಕ್ಕೂ, ಎಂದರೆ ಸುಮಾರು 4,800 ಕಿಲೋಮೀಟರ್ ದೂರಕ್ಕೂ ಕೇಳಿಸಿತು. ಒಂದೆರಡು ದಿನದಲ್ಲಿ ಟೆಲಿಗ್ರಾಫ್ ತಂತಿಯ ಮೇಲೆ ಸುದ್ದಿ ಲಂಡನ್ನಿಗೆ ಮುಟ್ಟಿತು. ಭಾರತದ ಬಂದರುಗಳಲ್ಲಿ ಬ್ರಿಟಿಷರು ಇಟ್ಟಿದ್ದ ಉಬ್ಬರವಿಳಿತ ಅಳೆಯುವ ಯಂತ್ರಗಳು ಅಂದಿನ ಅಲೆಯನ್ನು ಗೆರೆ ಎಳೆದು ದಾಖಲಿಸಿದವು. ರಾಯಲ್ ಸೊಸೈಟಿ 1888ರಲ್ಲಿ ದಪ್ಪನೆಯ ವರದಿ ಹೊರತಂದಿತು. ಹೀಗೆ ಸುದ್ದಿ, ಸದ್ದು, ವರದಿ ಎಲ್ಲವೂ ಎಲ್ಲ ಕಡೆಗೂ ಮುಟ್ಟಿದವು, ಜಾವಾ ದಡದ ಅಂಜೇರಿನ ಜನರಿಗೆ ಎಚ್ಚರಿಕೆಯೊಂದನ್ನು ಬಿಟ್ಟು. 1927ರಲ್ಲಿ ಅದೇ ಜಾಗದಲ್ಲಿ ನೀರಿನಿಂದ ಅನಕ್ ಕ್ರಕಟೋವ, ಅಂದರೆ ಮರಿ ಕ್ರಕಟೋವ, ತಲೆ ಎತ್ತಿತು. ಅದನ್ನು ನೋಡಲು ಪ್ರವಾಸಿ ದೋಣಿಗಳು ಹೊರಟವು. ನೋಡುವುದರಲ್ಲಿ ಮನುಷ್ಯ ಯಾವತ್ತೂ ಹಿಂದೆ ಬಿದ್ದವನಲ್ಲ.

ಇಂಡೊನೇಷ್ಯಾ ಬಡದೇಶ, ಹಣವಿಲ್ಲ, ಬುರುಡೆ ಹಾಳುಗೆಡವಿದರು ಎಂದು ಮೂಗು ಮುರಿಯುವವರನ್ನು ಈಗ ಜಪಾನಿಗೆ ಕರೆದೊಯ್ಯಬೇಕು. ಸುನಾಮಿ ಎಂಬ ಪದವನ್ನು ಜಗತ್ತಿಗೆ ದಾನ ಕೊಟ್ಟ ದೇಶ. ಅಲ್ಲಿ ಕಡಲು ಆಕಳಿಸಿದರೂ ಟಿವಿಯಲ್ಲಿ ನಕ್ಷೆ ಬರುತ್ತದೆ.

2022ರ ಜನವರಿ 15ರಂದು ದಕ್ಷಿಣ ಪೆಸಿಫಿಕ್ಕಿನ ಟೊಂಗಾ ರಾಜ್ಯದಲ್ಲಿ ಹುಂಗಾ ಟೊಂಗಾ-ಹುಂಗಾ ಹಾಪೈ ಎಂಬ ಕಡಲಡಿಯ ಜ್ವಾಲಾಮುಖಿ ಸಿಡಿಯಿತು. ನಾಲ್ಕೇ ದಿನ ಮೊದಲು, ಜನವರಿ 11ರಂದು, ಅದರ ಚಟುವಟಿಕೆ ನಿಂತಿದೆ ಎಂದು ಘೋಷಿಸಲಾಗಿತ್ತು. ಜ್ವಾಲಾಮುಖಿಗಳು ಪ್ರಕಟಣೆ ಓದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬೂದಿಯ ಕಂಬ 57 ಕಿಲೋಮೀಟರ್ ಎತ್ತರಕ್ಕೆ ಹೋಯಿತು. ಟೊಂಗಾವನ್ನು ಲೋಕಕ್ಕೆ ಜೋಡಿಸುತ್ತಿದ್ದ ಕಡಲಡಿಯ ಕೇಬಲ್ ತುಂಡಾಗಿ, ಎಚ್ಚರಿಕೆ ಕೊಡುವುದಿರಲಿ, ಬದುಕಿದ್ದೇವೆ ಎಂದು ಹೇಳಲೂ ಆ ದೇಶಕ್ಕೆ ದಾರಿಯಿಲ್ಲದಾಯಿತು. ಸಾವಿನ ಸಂಖ್ಯೆ ಮಾತ್ರ ಅಚ್ಚರಿ ಹುಟ್ಟಿಸುವಷ್ಟು ಕಡಿಮೆ. ಟೊಂಗಾದ ಜನ ಎದೆ ನಡುಗಿಸಿದ ಸದ್ದು ಕೇಳಿದೊಡನೆ ಎತ್ತರದ ಕಡೆ ಓಡಿದ್ದರು. ಅದು ಸುನಾಮಿಯೋ ಅಲ್ಲವೋ ಎಂದು ಯಾರನ್ನೂ ಕೇಳುತ್ತ ನಿಲ್ಲಲಿಲ್ಲ. ಆ ಪ್ರಶ್ನೆ ಎದ್ದದ್ದು ಟೋಕಿಯೋದಲ್ಲಿ.

ಸಂಜೆ ಏಳರ ಸುಮಾರಿಗೆ ಜಪಾನಿನ ಹವಾಮಾನ ಸಂಸ್ಥೆ, ಕಡಲ ಮಟ್ಟದಲ್ಲಿ ಸ್ವಲ್ಪ ಏರುಪೇರಾಗಬಹುದು, ಹಾನಿಯ ಚಿಂತೆ ಬೇಡ ಎಂದು ಹೇಳಿತ್ತು. ನಂತರ ನೀರು ಏರಲು ಶುರುವಾಯಿತು. ಲೆಕ್ಕದ ಪ್ರಕಾರ ಅಲೆ ಇನ್ನೂ ಎರಡು ಮೂರು ಗಂಟೆಗಳ ದೂರದಲ್ಲಿ ಇರಬೇಕಿತ್ತು. ಇಷ್ಟು ಬೇಗ ಬಂದದ್ದು ಯಾವುದು? ರಾತ್ರಿ 11 ಗಂಟೆ 55 ನಿಮಿಷಕ್ಕೆ ಅಮಾಮಿ ದ್ವೀಪದಲ್ಲಿ ನೀರು 1.2 ಮೀಟರ್ ಏರಿತು. ಹನ್ನೆರಡೂ ಕಾಲಿಗೆ ಸುನಾಮಿ ಎಚ್ಚರಿಕೆ ಹೊರಬಿತ್ತು. ನಡುರಾತ್ರಿಯ ಪತ್ರಿಕಾಗೋಷ್ಠಿಯಲ್ಲಿ ಅಧಿಕಾರಿಗಳು ಕೊಟ್ಟ ವಿವರಣೆಯ ತಾತ್ಪರ್ಯ ಹೀಗಿತ್ತು: ಇದು ಭೂಕಂಪದಿಂದ ಬರುವ ಮಾಮೂಲಿ ಸುನಾಮಿಯಲ್ಲ, ಇದೇನೆಂದು ಖಚಿತವಾಗಿ ಹೇಳಲಾಗದು, ಆದರೆ ಜನರ ರಕ್ಷಣೆಯ ದೃಷ್ಟಿಯಿಂದ ಸುನಾಮಿ ಎಚ್ಚರಿಕೆಯ ವ್ಯವಸ್ಥೆಯನ್ನೇ ಬಳಸುತ್ತಿದ್ದೇವೆ. ಸುನಾಮಿ ಅಲ್ಲದಿರಬಹುದು, ಸುನಾಮಿಯೆಂದೇ ತಿಳಿದು ಓಡಿ. ನಗು ಬರುವುದು ನಿಜ. ಆದರೆ ಇಡೀ ಪ್ರಕರಣದಲ್ಲಿ ಸರ್ಕಾರವೊಂದು ಆಡಿದ ಅತ್ಯಂತ ವಿವೇಕದ ಮಾತು ಇದೇ. ಹೆಸರಿಡುವುದು ನಾಳೆ, ಓಡುವುದು ಇಂದು.

ಬೇಗ ಬಂದದ್ದು ಏನು ಎಂಬುದಕ್ಕೆ ಉತ್ತರ ಗಾಳಿಯಲ್ಲಿತ್ತು. ಸ್ಫೋಟದ ಹೊಡೆತಕ್ಕೆ ವಾಯುಮಂಡಲದಲ್ಲಿ ಒತ್ತಡದ ಅಲೆಯೊಂದು ಎದ್ದು ಗಂಟೆಗೆ ಸುಮಾರು 1,100 ಕಿಲೋಮೀಟರ್ ವೇಗದಲ್ಲಿ ಭೂಮಿಯನ್ನು ಹಲವು ಸುತ್ತು ಬಂತು. ಬೆಂಗಳೂರಿನ ನೆತ್ತಿಯ ಮೇಲೂ ಹಾದುಹೋಯಿತು, ಟ್ರಾಫಿಕ್ಕಿನಲ್ಲಿ ನಮಗೆ ಗೊತ್ತಾಗಲಿಲ್ಲ. ಅಗಲವಾದ ಪರಾತದ ನೀರಿನ ಮೇಲೆ ಊದುತ್ತ, ಊದುತ್ತ ಬಾಯನ್ನು ಮುಂದೆ ಸರಿಸಿದರೆ ನೀರಿನ ಗೆರೆಯೂ ಜೊತೆಗೇ ಓಡುತ್ತದಲ್ಲ, ಹಾಗೆ ಗಾಳಿಯ ಅಲೆ ಕಡಲನ್ನು ತಳ್ಳಿಕೊಂಡು ಓಡಿತು. ನೀರಿನ ಅಲೆಗಿಂತ ಗಾಳಿಯ ಅಲೆಗೆ ವೇಗ ಹೆಚ್ಚು. ಖಂಡಗಳನ್ನೂ ಹಾರಿ ದಾಟಬಲ್ಲದು. ಹೀಗಾಗಿ ಪೆಸಿಫಿಕ್ಕಿಗೆ ಸಂಬಂಧವೇ ಇಲ್ಲದ ಸಮುದ್ರಗಳಲ್ಲೂ ನೀರು ಅಲುಗಿತು.

ಹೊಸ ವಿದ್ಯಮಾನ, ಅನಿರೀಕ್ಷಿತ ಎಂದು ಲೋಕವೆಲ್ಲ ಬೆರಗಾಯಿತು. 1883ರಲ್ಲೂ ಹೀಗೇ ಆಗಿತ್ತು. ಅಂದೂ ಗಾಳಿಯ ಅಲೆ ಭೂಮಿ ಸುತ್ತಿತ್ತು, ಅಲೆ ತಲುಪಲು ದಾರಿಯೇ ಇಲ್ಲದ ಬಂದರುಗಳಲ್ಲೂ ನೀರು ಕುಣಿದಿತ್ತು. 1955ರಲ್ಲಿ ಮಾರಿಸ್ ಯೂಯಿಂಗ್ ಮತ್ತು ಫ್ರಾಂಕ್ ಪ್ರೆಸ್ ಎಂಬ ಭೂಭೌತ ವಿಜ್ಞಾನಿಗಳು ಇದಕ್ಕೆ ಗಾಳಿಯೇ ಕಾರಣವೆಂದು ಹಳೆಯ ದಾಖಲೆಗಳನ್ನು ಮುಂದಿಟ್ಟು ವಾದಿಸಿದ್ದರು. 1967ರಲ್ಲಿ ಪ್ರೆಸ್ ಮತ್ತೊಮ್ಮೆ, ಡೇವಿಡ್ ಹಾರ್ಕ್‌ರೈಡರ್ ಜೊತೆ ಸೇರಿ, ಲೆಕ್ಕ ಹಾಕಿ ತೋರಿಸಿದ್ದರು. 2022ರಲ್ಲಿ ಎಚ್ಚರಿಕೆ ಕೇಂದ್ರಗಳ ಲೆಕ್ಕಾಚಾರದಲ್ಲಿ ಗಾಳಿಗೆ ಜಾಗವಿರಲಿಲ್ಲ. ಮನುಷ್ಯಕುಲಕ್ಕೆ ಅಜ್ಞಾನದಿಂದ ಆಗುವ ಹಾನಿಗಿಂತ ಕಪಾಟಿನಿಂದ ಆಗುವ ಹಾನಿ ದೊಡ್ಡದು.

ಟೊಂಗಾದಿಂದ ಹತ್ತು ಸಾವಿರ ಕಿಲೋಮೀಟರಿಗೂ ದೂರದ ಪೆರುವಿನಲ್ಲಿ ಈ ಕಥೆಗೆ ನಗೆಯಿಲ್ಲ. ನೆರೆಯ ಚಿಲಿ, ಈಕ್ವೆಡಾರ್ ದೇಶಗಳು ಎಚ್ಚರಿಕೆ ಕೊಟ್ಟವು. ಪೆರುವಿನ ನೌಕಾಪಡೆಯ ಕಚೇರಿ ತಮ್ಮ ತೀರಕ್ಕೆ ಸುನಾಮಿಯ ಅಪಾಯವಿಲ್ಲ ಎಂದಿತು. ಉತ್ತರದ ನೈಲಾಂಪ್ ಎಂಬ ಕಡಲ ತೀರದಲ್ಲಿ ಇಬ್ಬರು ಹೆಂಗಸರು ಅಲೆಗೆ ಸಿಕ್ಕಿ ಸತ್ತರು. ಮೂರು ದೇಶಗಳಿಗೆ ಒಂದೇ ಕಡಲು, ಒಂದೇ ಅಲೆ. ಬೇರೆ ಬೇರೆಯಾಗಿದ್ದುದು ಮೇಜು ಮಾತ್ರ.

ಎಚ್ಚರಿಸುವವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಭೂಕಂಪ ಸಾಮಾನ್ಯವಾಗಿ ಒಂದೇ ಬಗೆಯಲ್ಲಿ ಅಲೆ ಎಬ್ಬಿಸುತ್ತದೆ, ಕಡಲ ತಳವನ್ನು ಎತ್ತಿಯೋ ಇಳಿಸಿಯೋ. ಜ್ವಾಲಾಮುಖಿಗೆ ಹತ್ತು ಕೈ. ನೀರೊಳಗೆ ಸಿಡಿಯಬಹುದು, ಮಗ್ಗುಲು ಜಾರಿಸಬಹುದು, ಸುಡುವ ಬೂದಿಯ ಪ್ರವಾಹವನ್ನು ಕಡಲಿಗೆ ಸುರಿಯಬಹುದು, ತಾನೇ ಒಳಕ್ಕೆ ಕುಸಿಯಬಹುದು, ಟೊಂಗಾದಂತೆ ಗಾಳಿಯನ್ನೇ ಓಡಿಸಬಹುದು. ಸಿಡಿಯದೆಯೂ ಕೊಲ್ಲಬಹುದು. 1792ರಲ್ಲಿ ಜಪಾನಿನ ಉನ್‌ಜೆನ್ ಪರ್ವತದ ಪಕ್ಕದ ಗುಡ್ಡ ಕಡಲಿಗೆ ಉರುಳಿ, ಕೊಲ್ಲಿಯ ಆಚೆ ದಡದಲ್ಲಿದ್ದವರೂ ಸೇರಿ ಸುಮಾರು ಹದಿನೈದು ಸಾವಿರ ಜನ ಹೋದರು. ಇತಿಹಾಸದ ಸುನಾಮಿಗಳಲ್ಲಿ ಜ್ವಾಲಾಮುಖಿಯವು ನೂರಕ್ಕೆ ಐದರಷ್ಟು ಎಂಬುದು ಸಾಮಾನ್ಯ ಅಂದಾಜು. ನೂರಕ್ಕೆ ಐದಕ್ಕೆ ಯಾರು ಶಾಖೆ ತೆರೆಯುತ್ತಾರೆ?

ಜೊತೆಗೆ ಸುಳ್ಳು ಎಚ್ಚರಿಕೆಯ ಭಯ. ನಮ್ಮದೇ ಉದಾಹರಣೆ ಇದೆ. 2004ರ ಡಿಸೆಂಬರ್ 26ರಂದು ಏನೂ ಹೇಳಲಾಗದೆ ಸಾವಿರಾರು ಜನರನ್ನು ಕಳೆದುಕೊಂಡ ಭಾರತ, ನಾಲ್ಕು ದಿನ ಬಿಟ್ಟು 30ರಂದು, ವಿದೇಶದ ಖಾಸಗಿಯವರ ಮಾತು ನಂಬಿ ಇನ್ನೊಂದು ಸುನಾಮಿ ಬರುತ್ತದೆಂದು ಎಚ್ಚರಿಸಿತು. ತಮಿಳುನಾಡು, ಕೇರಳದ ತೀರಗಳಲ್ಲಿ ದುಃಖದಲ್ಲಿದ್ದ ಜನ ಮತ್ತೆ ದಿಕ್ಕಾಪಾಲಾಗಿ ಓಡಿದರು. ಅದೇ ದಿನ ಅದೇ ಸರ್ಕಾರದ ವಿಜ್ಞಾನ ಸಚಿವರು ಅದೆಲ್ಲ ಹುಸಿ ಎಂದರು. ಅಧಿಕಾರಿಯ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಎಚ್ಚರಿಕೆ ಕೊಟ್ಟು ಅಲೆ ಬರದಿದ್ದರೆ ತಪ್ಪು ನನ್ನದು. ಕೊಡದೆ ಅಲೆ ಬಂದರೆ ತಪ್ಪು ಪ್ರಕೃತಿಯದು. ಪ್ರಕೃತಿಗೆ ಯಾರೂ ಕಾರಣ ಕೇಳಿ ನೋಟಿಸ್ ಕೊಡುವುದಿಲ್ಲ. ಇಂಥ ಲೆಕ್ಕದಲ್ಲಿ ಸುಮ್ಮನಿರುವುದೇ ಸೇವಾ ಭದ್ರತೆ.

ಈ ಲೆಕ್ಕ ಮುರಿದವರೂ ಇದ್ದಾರೆ. 2024ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ಉತ್ತರದಲ್ಲಿ ರುವಾಂಗ್ ಜ್ವಾಲಾಮುಖಿ ಸಿಡಿದಾಗ, ಬೆಟ್ಟದ ಒಂದು ಭಾಗ ಕಡಲಿಗೆ ಬಿದ್ದು ಸುನಾಮಿ ಏಳಬಹುದೆಂದು ಹೇಳಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರಿಗೆ ಜಾಗ ಬಿಡಲು ಹೇಳಿದರು. ಕಾರಣ, 1871ರಲ್ಲಿ ಅದೇ ಬೆಟ್ಟ ಹಾಗೆ ಮಾಡಿ ಸುಮಾರು ನಾನೂರು ಜನರನ್ನು ಕೊಂದಿತ್ತು. ಈ ಬಾರಿ ಕಪಾಟು ತೆರೆಯಿತು. ಸುನಾಮಿ ಬರಲಿಲ್ಲ. ಬಾರದ ಸುನಾಮಿ ಸುದ್ದಿಯಾಗುವುದಿಲ್ಲವಾದ್ದರಿಂದ ನೀವು ಇದನ್ನು ಓದಿರಲಾರಿರಿ.

ಇಟಲಿಯ ಸ್ಟ್ರಾಂಬೊಲಿ ದ್ವೀಪ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2002ರ ಡಿಸೆಂಬರ್ 30ರಂದು ಅಲ್ಲಿನ ಜ್ವಾಲಾಮುಖಿಯ ಇಳಿಜಾರು ಕುಸಿದು ಎದ್ದ ಅಲೆಗಳು ಊರಿಗೆ ನುಗ್ಗಿದವು. ಚಳಿಗಾಲ, ಪ್ರವಾಸಿಗರಿಲ್ಲ, ಯಾರೂ ಸಾಯಲಿಲ್ಲ. ಯಾರೂ ಸಾಯದ ಘಟನೆಯಿಂದಲೇ ಅವರು ಪಾಠ ಕಲಿತರು. ಇದು ಆಡಳಿತದ ಇತಿಹಾಸದಲ್ಲಿ ಅಪರೂಪ. ಬೆಟ್ಟದ ಬುಡದ ಕಡಲಲ್ಲೇ ನೀರಿನ ಏರಿಳಿತ ಅಳೆಯುವ ಎರಡು ಯಂತ್ರಗಳನ್ನು ನಿಲ್ಲಿಸಿದರು. ಭೂಮಿ ನಡುಗಿತೇ ಎಂದು ಅವು ಕೇಳುವುದಿಲ್ಲ. ನೀರು ಅಸಹಜವಾಗಿ ಎದ್ದರೆ ಸೈರನ್ ಕೂಗುತ್ತದೆ, ಮನುಷ್ಯರ ಸಹಿಗೆ ಕಾಯುವುದಿಲ್ಲ. ಊರಿಗೆ ಸಿಗುವುದು ನಾಲ್ಕು ನಿಮಿಷದಷ್ಟು ಹೊತ್ತು. ಸುಂದಾದಲ್ಲಿ ಇದ್ದದ್ದು ಅರ್ಧ ಗಂಟೆ ಎಂಬುದನ್ನು ಮರೆಯಬೇಡಿ. ಸ್ಟ್ರಾಂಬೊಲಿಯಲ್ಲಿ ವರ್ಷವಿಡೀ ಇರುವವರು ಕೆಲವೇ ನೂರು ಜನ, ಇಂಡೊನೇಷ್ಯಾದಲ್ಲಿ ಜೀವಂತ ಜ್ವಾಲಾಮುಖಿಗಳೇ 120ಕ್ಕಿಂತ ಹೆಚ್ಚು, ಆದ್ದರಿಂದ ಹೋಲಿಕೆ ಸಲ್ಲದು ಎನ್ನಬಹುದು. ಸರಿ. ಆದರೆ ಈಗಾಗಲೇ ಒಮ್ಮೆ ಮೂವತ್ತಾರು ಸಾವಿರ ಜನರನ್ನು ಕೊಂದ ಜಾಗಕ್ಕೆ ಎರಡು ಯಂತ್ರ ಇಡಲು ಉಳಿದ ನೂರಿಪ್ಪತ್ತು ಬೆಟ್ಟಗಳ ಅನುಮತಿಯೇನೂ ಬೇಕಿರಲಿಲ್ಲ.

ಟೊಂಗಾದ ನಂತರ ಯುನೆಸ್ಕೋದ ಸಾಗರವಿಜ್ಞಾನ ಆಯೋಗ ಕಾರ್ಯತಂಡ ಮಾಡಿ, 2024ರಲ್ಲಿ ಜ್ವಾಲಾಮುಖಿ ಸುನಾಮಿಗಳ ಮೇಲೆ ನಿಗಾ ಇಡುವ ಬಗ್ಗೆ ವರದಿ ಹೊರತಂದಿದೆ. ಜ್ವಾಲಾಮುಖಿಯವರೂ ಸುನಾಮಿಯವರೂ ಪರಸ್ಪರ ಮಾತನಾಡಬೇಕು ಎಂಬುದು ಅದರ ಬಹುಮುಖ್ಯ ಸಲಹೆಗಳಲ್ಲೊಂದು. ಮಾತನಾಡಬೇಕು ಎನ್ನುವುದಕ್ಕೆ ಅಂತರರಾಷ್ಟ್ರೀಯ ವರದಿಯೇ ಬೇಕಾಯಿತಲ್ಲ ಎಂದು ನಗಬೇಡಿ. ನಮ್ಮಲ್ಲೂ, 2024ರವರೆಗೆ ಪೋರ್ಟ್ ಬ್ಲೇರ್ ಎನಿಸಿದ್ದ ಅಂಡಮಾನಿನ ಶ್ರೀ ವಿಜಯಪುರದಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿ ಬ್ಯಾರೆನ್ ದ್ವೀಪವಿದೆ, ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ. ಬಹುಕಾಲ ಮಲಗಿದ್ದು 1991ರಲ್ಲಿ ಎದ್ದ ಮೇಲೆ ಆಗಾಗ ಹೊಗೆಯಾಡುತ್ತಿದೆ. ಅಲ್ಲಿನ ಶಾಶ್ವತ ನಿವಾಸಿಗಳು ಕಾಡುಮೇಕೆಗಳು. ಬೆಟ್ಟವನ್ನು ಅಧ್ಯಯನ ಮಾಡುವ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ. ಸುನಾಮಿ ಎಚ್ಚರಿಕೆ ಕೊಡುವ ಇನ್‌ಕಾಯಿಸ್ ಹೈದರಾಬಾದಿನಲ್ಲಿದೆ. ಭೂಕಂಪದ ಕೇಂದ್ರ ದೆಹಲಿಯಲ್ಲಿದೆ. ಮೂರೂ ಒಳ್ಳೆಯ ಸಂಸ್ಥೆಗಳೇ. ಬ್ಯಾರೆನ್ ಬೆಟ್ಟದ ಮಗ್ಗುಲು ಒಂದು ಶನಿವಾರ ರಾತ್ರಿ ಸದ್ದಿಲ್ಲದೆ ಜಾರಿದರೆ ಮೊದಲ ಫೋನು ಯಾರು ಯಾರಿಗೆ ಮಾಡಬೇಕು, ಎತ್ತಿದವರು ಏನು ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮೂರೂ ಕಡೆ ಗೋಡೆಗೆ ಅಂಟಿಸಿ ಎಂಬುದಷ್ಟೇ ಈ ಅಂಕಣಕಾರನ ಮನವಿ. ಈಗಾಗಲೇ ಅಂಟಿಸಿದ್ದರೆ ಹಾಳೆ ಉದುರಿದೆಯೇ ನೋಡಿ.

ಓದುಗರಲ್ಲಿ ಬಾಲಿಗೋ ಜಾವಾಕ್ಕೋ ರಜೆಗೆ ಟಿಕೆಟ್ ಮಾಡಿಸಿದವರಿದ್ದರೆ ಅವರಿಗೊಂದು ಮಾತು. ಕಡಲ ದಡದಲ್ಲಿ ಕೂತಿರುವಾಗ ಎದುರಿನ ಬೆಟ್ಟ ಗುಡುಗಿದರೆ, ನೀರು ಕಾರಣವಿಲ್ಲದೆ ಹಿಂದೆ ಸರಿದರೆ ಅಥವಾ ಮುಂದೆ ಬಂದರೆ, ಫೋನ್ ತೆಗೆದು ಅಧಿಕೃತ ಪ್ರಕಟಣೆ ಹುಡುಕಬೇಡಿ. ವಿಡಿಯೋ ಮಾಡುವುದಂತೂ ಬೇಡವೇ ಬೇಡ. ಮಕ್ಕಳ ಕೈ ಹಿಡಿದು ಎತ್ತರದ ಕಡೆ ನಡೆಯಿರಿ. ಅದು ಬರೀ ಉಬ್ಬರವಾಗಿದ್ದರೆ ನಿಮಗಾಗುವ ನಷ್ಟ ತಣ್ಣಗಾದ ಒಂದು ಪ್ಲೇಟ್ ನಾಸಿ ಗೊರೆಂಗ್, ಅಷ್ಟೆ. ಬಿಲ್ಲನ್ನು ಇಳಿದು ಬಂದ ಮೇಲೆ ಕೊಡಿ.